ಕಡಲ ನೀರಿನ ಯಂತ್ರಕ್ಕೆ ಕಟ್ಟಿದ ನೂಲು

ಅವನು ತೀರಿಕೊಂಡದ್ದು ನನಗೆ ತಿಳಿದದ್ದು ಹದಿನೆಂಟು ದಿನ ತಡವಾಗಿ. ಸೇಲಂ ಅಮ್ಮಾಪೇಟೆಯಿಂದ ಮೆಟ್ಟೂರಿಗೆ ಬಸ್ಸು ಒಂದೂವರೆ ಗಂಟೆಯಲ್ಲಿ ಬರುತ್ತದೆ. ಸಾವಿನ ಸುದ್ದಿಗೆ ಹದಿನೆಂಟು ದಿನ ಬೇಕಾಯಿತು. ನಾನು ಅವನ ಮನೆಯವರಿಗೆ ಎಷ್ಟು ದೂರದವನಾಗಿದ್ದೆ ಎಂಬುದು ಅದರಿಂದಲೇ ಗೊತ್ತಾಗುತ್ತದೆ. ಒಂದು ಕಾಲಕ್ಕೆ ನಾವಿಬ್ಬರೂ ಒಂದೇ ಬುತ್ತಿಯಿಂದ ತಿನ್ನುತ್ತಿದ್ದೆವು.

ಅವನ ಹೆಸರು ಬರೆಯುವುದಿಲ್ಲ. ಆ ಹೆಸರನ್ನು ಕೆಡಿಸಿದ ಕೈ ಇದು. ಅದೇ ಕೈಯಿಂದ ಅದನ್ನು ಚೆಂದಾಗಿ ಬರೆದುಬಿಟ್ಟರೆ ತೀರಿತೇ? ‘ಅವರು’ ಎಂದು ಬರೆಯೋಣವೆಂದೂ ಅಂದುಕೊಂಡೆ. ಬದುಕಿದ್ದಾಗ ನಾನು ‘ಲೇ’ ಎಂದು ಕೂಗಿದವನಿಗೆ ಸತ್ತ ಮೇಲೆ ಬಹುವಚನ ಕೊಡುವುದು ನನ್ನ ಸಮಾಧಾನಕ್ಕೆ ಮಾತ್ರ. ಆದ್ದರಿಂದ ಅವನು ‘ಅವನು’ ಆಗಿಯೇ ಇರಲಿ.

ಮೆಟ್ಟೂರಿನಲ್ಲಿ ರಾಸಾಯನಿಕ ಕಾರ್ಖಾನೆಗಳ ಹಿಂದಿನ ಬೀದಿಯಲ್ಲಿ ಒಂದು ಸಣ್ಣ ವರ್ಕ್‌ಷಾಪ್. ಮೊದಲು ಕಾರ್ಖಾನೆಗಳಿಗೆ ಬೇಕಾದ ಕೊಳವೆ ಸಾಮಾನು ಮಾಡುತ್ತಿದ್ದೆವು. ಆಮೇಲೆ ಮೀನು ಹಿಡಿಯುವ ಬೋಟುಗಳಿಗೆ ಚಿಲ್ಲರ್ ಮಾಡತೊಡಗಿದೆವು. ಬೋಟಿನ ಹೊಟ್ಟೆಯಲ್ಲಿ ಒಂದು ತೊಟ್ಟಿ, ಅದರ ತುಂಬ ಕಡಲ ನೀರು. ಆ ನೀರನ್ನು ಪಂಪು ಎಳೆದು ಚಿಲ್ಲರಿನೊಳಗೆ ಹಾಯಿಸಿ, ಐಸಿನಷ್ಟು ತಣ್ಣಗೆ ಮಾಡಿ ಮತ್ತೆ ತೊಟ್ಟಿಗೆ ಬಿಡುತ್ತದೆ. ಉಪ್ಪಿರುವುದರಿಂದ ನೀರು ಹೆಪ್ಪುಗಟ್ಟುವುದಿಲ್ಲ. ಹಿಡಿದ ಮೀನನ್ನು ಅದರಲ್ಲಿ ಬಿಟ್ಟರೆ ದಡ ಸೇರುವವರೆಗೂ ಅದರ ಕಣ್ಣು ಹೊಳೆಯುತ್ತಿರುತ್ತದೆ. ಐಸಿನ ಗಡ್ಡೆ ತಾಗಿ ಮೈ ಜಜ್ಜಿಹೋಗುವುದೂ ಇಲ್ಲ. ಯಂತ್ರದ ಜೀವವೆಲ್ಲ ಒಳಗಿನ ತೊಂಬತ್ತಾರು ಸಣ್ಣ ಕೊಳವೆಗಳಲ್ಲಿದೆ. ಕೊಳವೆಯ ಒಳಗೆ ಕಡಲ ನೀರು, ಹೊರಗೆ ತಣ್ಣಗೆ ಮಾಡುವ ಗ್ಯಾಸ್. ಎಲ್ಲಾದರೂ ಕೂದಲೆಳೆಯಷ್ಟು ಬಿರುಕು ಉಳಿದರೆ ಗ್ಯಾಸ್ ಸೋರಿಹೋಗುತ್ತದೆ, ನೀರು ಬೆಚ್ಚಗಾಗುತ್ತದೆ, ಮೀನೆಲ್ಲ ಕೊಳೆಯುತ್ತದೆ.

ನಾನು ಅಲ್ಲಿ ಸೂಪರ್‌ವೈಸರ್. ಮೆಟ್ಟೂರಿನ ಪಕ್ಕದ ಕೊಳತ್ತೂರಿನ ಕಡೆಯವನು. ಕೊಳ್ಳೇಗಾಲದ ಸೋದರಮಾವನ ಮನೆಯಲ್ಲಿದ್ದು ಹೈಸ್ಕೂಲು ಮುಗಿಸಿದ್ದರಿಂದ ಕನ್ನಡ ಬರೆಯಲು ಬರುತ್ತದೆ. ಮಿಲ್ಲಿನಿಂದ ನಿವೃತ್ತನಾದ ಮೇಲೆ ಈ ಕೆಲಸಕ್ಕೆ ಸೇರಿದ್ದೆ. ಪ್ರತಿ ಯಂತ್ರದ ಟೆಸ್ಟ್ ಷೀಟಿಗೂ ಹಸಿರು ಇಂಕಿನಲ್ಲಿ, ಇಂಗ್ಲಿಷಿನಲ್ಲಿ ಸಹಿ ಹಾಕುವವನು ನಾನೇ. ಆ ಹಸಿರು ಇಂಕಿನ ಮೇಲೆ ನನಗೆ ಬಹಳ ಅಭಿಮಾನವಿತ್ತು.

ಅವನು ಮೊದಲು ಬಂದದ್ದು ಪಂಚೆ, ಟವೆಲ್ಲು ಮಾರಲು. ಅಮ್ಮಾಪೇಟೆಯ, ಕನ್ನಡ ಮಾತಾಡುವ ಕೈಮಗ್ಗದ ಮನೆಯವನು. ತಾನು ನೇಯ್ದದ್ದನ್ನು ತಾನೇ ಹೆಗಲ ಮೇಲೆ ಹೊತ್ತು ತಿರುಗುವ ಗತಿ ಬಂದಿತ್ತು. ನಾನು ಫೋನಿನಲ್ಲಿ ಯಾರಿಗೋ ಕನ್ನಡದಲ್ಲಿ ಬೈಯುತ್ತಿದ್ದುದನ್ನು ಕೇಳಿ ಬಾಗಿಲಲ್ಲೇ ನಿಂತು, ಬೈಗುಳ ಮುಗಿಯುವವರೆಗೆ ಕಾದು, “ನೀವು ನಮ್ಮಾತಿನೋರಾ ಅಣ್ಣ?” ಎಂದು ಕೇಳಿದ. ಒಳಗೆ ಇಬ್ಬರು ಫಿಟ್ಟರುಗಳು ಕೊಳವೆಗಳನ್ನು ತೂತಿನ ತಟ್ಟೆಗಳೊಳಗೆ ತೂರಿಸಲು ಬೆಳಿಗ್ಗೆಯಿಂದ ಹೆಣಗುತ್ತಿದ್ದರು. ಒಂದು ಕೊಳವೆ ಐದು ತಟ್ಟೆಗಳನ್ನು ದಾಟಬೇಕು, ಮೂರನೆಯದರಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಅವನು ಗಂಟನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ನೋಡಿದ. “ತಳ್ಳಿದ್ರೆ ಓಗಲ್ಲ ಅಣ್ಣ. ಆ ಕಡೆಯಿಂದ ಎಳ್ಕೊಂಡ್ರೆ ಬರ್ತೈತೆ” ಎಂದ. ಮಗ್ಗದ ಹಣಿಗೆಯ ಹಲ್ಲುಗಳೊಳಗೆ ನೂಲು ಹಾಯಿಸುವಾಗ ಒಬ್ಬರು ಎಳೆ ಕೊಡುತ್ತಾರೆ, ಇನ್ನೊಬ್ಬರು ಕೊಕ್ಕೆಯಿಂದ ಎಳೆದುಕೊಳ್ಳುತ್ತಾರೆ. ಹಾಗೆಯೇ ಆ ತುದಿಯಿಂದ ಒಂದು ತಂತಿ ತೂರಿಸಿ, ಈ ತುದಿಯಲ್ಲಿ ಕೊಳವೆಗೆ ಸಿಕ್ಕಿಸಿ ಎಳೆದುಕೊಂಡ. ಊಟದ ಹೊತ್ತಿಗೆ ತೊಂಬತ್ತಾರೂ ಮುಗಿದವು. ಮುದಲಾಳಿ, ಎಂದರೆ ನಮ್ಮ ಮಾಲೀಕರು, ಅವತ್ತೇ ಅವನನ್ನು ಕೆಲಸಕ್ಕೆ ತೆಗೆದುಕೊಂಡರು. ಶಿಫಾರಸು ಮಾಡಿದವನು ನಾನು. ಅದನ್ನು ಅವನು ಕೊನೆಯವರೆಗೂ ಮರೆಯಲಿಲ್ಲ. ನಾನು ಮರೆತೆ.

ಅವನು ಮೀನು ತಿನ್ನುವವನಲ್ಲ. “ತಿನ್ನದೋನು ಮಾಡಿದ್ರೇನೇ ಮೀನ್ಗೆ ಮೋಸ ಆಗಲ್ಲ” ಎನ್ನುತ್ತಿದ್ದ. ಚಿತ್ರೆ ತಿಂಗಳ ಬೇಸಿಗೆ ಬಿಸಿಲಲ್ಲಿ ತಗಡಿನ ಷೆಡ್ಡು ಕಾದು ಕೆಂಡವಾದಾಗ ಚಿಲ್ಲರಿನ ಮೈ ತಟ್ಟಿ, ಮುಂದಿನ ಜನ್ಮಕ್ಕೆ ಟ್ಯೂನಾ ಎನ್ನುವ ಆ ಸೂರೆ ಮೀನಾಗಿ ಹುಟ್ಟಿದರೆ ಸಾಯುವಾಗಲಾದರೂ ತಂಪಾಗಿರಬಹುದು ಎಂದು ನಗಿಸುತ್ತಿದ್ದ. ಕೆಲಸ ಮಾಡುವಾಗ ಮಾತ್ರ ಅವನ ಬಾಯಿಂದ ಮಾತು ಬರುತ್ತಿರಲಿಲ್ಲ.

ಅವನದೇ ಒಂದು ಪದ್ಧತಿಯಿತ್ತು. ಯಾರೂ ಹೇಳಿಕೊಟ್ಟದ್ದಲ್ಲ. ಮುಗಿದ ಯಂತ್ರದೊಳಗೆ ಒಂದು ದಿನ ಪೂರ್ತಿ ಉಪ್ಪು ನೀರು ಓಡಿಸುತ್ತಿದ್ದ. ಕಾವೇರಿಯ ಸಿಹಿ ನೀರಲ್ಲಿ ಪರೀಕ್ಷೆ ಮಾಡಿ ಕಡಲಿಗೆ ಕಳಿಸಿದರೆ, ತವರಲ್ಲಿ ಮುದ್ದು ಮಾಡಿ ಬೆಳೆಸಿದ ಹುಡುಗಿಯನ್ನು ಕೆಟ್ಟ ಅತ್ತೆಯ ಮನೆಗೆ ಕಳಿಸಿದ ಹಾಗೆ ಎನ್ನುವನು. ಡ್ರಮ್ಮಿನಲ್ಲಿ ಕಲ್ಲುಪ್ಪು ಕರಗಿಸಿ, ಬೆರಳದ್ದಿ ನಾಲಿಗೆಗೆ ಮುಟ್ಟಿಸಿ ಹದ ನೋಡುತ್ತಿದ್ದ. ಒಮ್ಮೆ ಒಬ್ಬ ಬೋಟ್ ಮಾಲೀಕ ಅವನಿಗೆಂದೇ ಒಂದು ಕ್ಯಾನ್ ಕಡಲ ನೀರು ತಂದ. ಇವನು ಒಂದು ಗುಟುಕು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಬಹಳ ಹೊತ್ತು ನಿಂತ. ಉಗುಳಿದ ಮೇಲೆ, “ಇದ್ರಾಗೆ ಕಯಿನೂ ಐತೆ. ಇಷ್ಟು ದಿನ ನಾನು ಬರೀ ಉಪ್ಪು ಅನ್ಕೊಂಡಿದ್ನಲ್ಲ” ಎಂದ. ಉಳಿದದ್ದನ್ನು ಬಾಟಲಿಗೆ ತುಂಬಿಕೊಂಡು ಮನೆಗೆ ಒಯ್ದ.

ಐವತ್ತು ದಾಟಿದ್ದರೂ ಅವನು ಕಡಲು ನೋಡಿರಲಿಲ್ಲ. ಆಡಿ ತಿಂಗಳಲ್ಲಿ, ಆಷಾಢದ ಮಳೆಗೆ ಅಣೆಕಟ್ಟು ತುಂಬಿದಾಗ ಒಟ್ಟಿಗೆ ನೋಡಲು ಹೋಗಿದ್ದೆವು. ಕಡಲು ಇದಕ್ಕಿಂತ ದೊಡ್ಡದಾ ಎಂದು ಕೇಳಿದ. ಆಚೆಯ ದಡವೇ ಕಾಣುವುದಿಲ್ಲ ಎಂದೆ. ಗುಡ್ಡವೂ ಇಲ್ಲವೇ, ಮರವೂ ಇಲ್ಲವೇ ಎಂದು ಒಂದೊಂದಾಗಿ ಕೇಳಿಕೊಂಡು, ಕಡೆಗೆ, “ಅಂಗಾರೆ ಕಣ್ಣು ಎಲ್ಲಿ ನಿಲ್ತೈತಣ್ಣ?” ಎಂದ. ಹತ್ತನೆಯ ಯಂತ್ರ ಕೂರಿಸಿದ ದಿನ ಅವನನ್ನು ಬೋಟಿನಲ್ಲಿ ಕಡಲಿಗೆ ಕರೆದೊಯ್ಯುವುದಾಗಿ ಆ ಬೋಟ್ ಮಾಲೀಕ ಮಾತು ಕೊಟ್ಟಿದ್ದ. ಯಂತ್ರಗಳನ್ನು ಅವನು ಬೆರಳು ಮಡಚಿ ಎಣಿಸುತ್ತಿದ್ದ.

ಉಪ್ಪು ನೀರಿನ ಪರೀಕ್ಷೆ ಮುಗಿದ ಮೇಲೆ ಗ್ಯಾಸ್ ತುಂಬುವನು. ಗೇಜಿನ ಮುಳ್ಳು ಎಲ್ಲಿ ನಿಂತಿದೆಯೋ ಅಲ್ಲಿ ಗಾಜಿನ ಮೇಲೆ ಎಲೆ ಅಡಿಕೆಯ ಸುಣ್ಣದಿಂದ ಒಂದು ಸಣ್ಣ ಗೆರೆ ಎಳೆದು ಎರಡು ದಿನ ಮುಟ್ಟದೆ ಬಿಡುವನು. ಮೂರನೆಯ ಬೆಳಿಗ್ಗೆ ಮುಳ್ಳು ಗೆರೆಯ ಮೇಲೇ ಇದ್ದರೆ, ಮನೆಯ ಮಗ್ಗದಲ್ಲಿ ಉಳಿದ ಕೆಂಪು ನೂಲಿನ ತುಂಡೊಂದನ್ನು ಜೇಬಿನಿಂದ ತೆಗೆದು, ಯಂತ್ರದ ಕೆಳಗಿನ ನಲ್ಲಿಗೆ ಸುತ್ತಿ ಗಂಟು ಹಾಕುವನು. ನೇಕಾರರು ಕಡಿದ ಎಳೆಗೆ ಹಾಕುವ ಗಂಟು ಅದು. ಬೆರಳಿನಿಂದ ಸವರಿದರೂ ಗಂಟಿದೆಯೆಂದು ತಿಳಿಯುವುದಿಲ್ಲ. ಆ ನೂಲು ಇದ್ದರೆ ಯಂತ್ರ ಪಾಸಾದಂತೆ. ಬೋಟಿನವರು ಅದನ್ನು ರಕ್ಷೆಯ ಕಾಪು ಎಂದುಕೊಂಡು ಕತ್ತರಿಸುತ್ತಿರಲಿಲ್ಲ. ಕೆಲವರು ಕುಂಕುಮವನ್ನೂ ಹಚ್ಚುತ್ತಿದ್ದರಂತೆ.

ಒಂದು ಸಂಜೆ ಬಸ್ ಸ್ಟಾಂಡಿನ ಕಲ್ಲಿನ ಮೇಲೆ ಕೂತು ಆ ಗಂಟನ್ನು ನನಗೂ ಹೇಳಿಕೊಡು ಎಂದೆ. ಅವನಿಗೆ ಬಹಳ ಸಂತೋಷವಾಯಿತು. ಎರಡು ತುದಿಗಳನ್ನು ಅಡ್ಡ ಇಟ್ಟು, ಹೆಬ್ಬೆರಳಿಂದ ಒತ್ತಿ ಹಿಡಿದು, ಒಂದು ಸುತ್ತು ಹಾಕಿಸಿದ. ಅಷ್ಟರಲ್ಲಿ ಕೊಳತ್ತೂರಿನ ಬಸ್ಸು ಬಂತು. “ಇರಣ್ಣ, ಇನ್ನೂ ಅರ್ಧ ಐತೆ” ಎಂದ. “ಸಾಕು ಬುಡ್ಲಾ, ಬಂತು ನಂಗೆ” ಎಂದು ನಾನು ಎದ್ದೆ. ಬಂದಿರಲಿಲ್ಲ. ಉಳಿದರ್ಧವನ್ನು ನನಗೆ ತೋಚಿದಂತೆ ಹಾಕಿಕೊಂಡೆ. ದಪ್ಪಗೆ, ಕಾಳಿನ ಹಾಗೆ ಉಬ್ಬಿಕೊಂಡಿರುತ್ತಿತ್ತು. ಕೆಲಸದವರಿಗೆ ತೋರಿಸಿದೆ, ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ.

ಇನ್ನು ಹೇಳಲೇಬೇಕು.

ಆ ವರ್ಷ ಮೀನುಗಾರಿಕೆಯ ಎರಡು ತಿಂಗಳ ನಿಷೇಧ ಮುಗಿಯುವ ವಾರ. ನಿಷೇಧ ಎದ್ದ ದಿನವೇ ಬೋಟು ಇಳಿಯಬೇಕು, ಮೊದಲು ಹೋದವರಿಗೇ ಮೀನು. ಮಾತು ಕೊಟ್ಟಿದ್ದ ಮಾಲೀಕನ ಬೋಟಿಗೆ ಹೋಗಬೇಕಾಗಿದ್ದದ್ದು ಅವನು ಎಣಿಸುತ್ತಿದ್ದ ಹತ್ತನೆಯ ಯಂತ್ರ. ಅವನು ಗ್ಯಾಸ್ ತುಂಬಿ, ಸುಣ್ಣದ ಗೆರೆ ಎಳೆದು, ತಾಯಿಯ ತಿಥಿಗೆಂದು ಸೇಲಂಗೆ ಹೊರಟ. ಹೊರಡುವಾಗ, “ನಾನು ಬರೋಗಂಟ ಮುಟ್ಬ್ಯಾಡಣ್ಣ. ನಾಡಿದ್ದು ಬೆಳಿಗ್ಗೆ ಬಂದು ಮುಳ್ಳು ನೋಡಿ ನೂಲು ಕಟ್ತೀನಿ” ಎಂದ. ಹೂಂ ಎಂದೆ.

ಮಾರನೆಯ ದಿನವೇ ಲಾರಿ ಬಂತು, ಒಂದು ದಿನ ಮೊದಲು. ಮುದಲಾಳಿ ಊರಲ್ಲಿರಲಿಲ್ಲ. ನಾನು ಟೆಸ್ಟ್ ಷೀಟಿಗೆ ಸಹಿ ಹಾಕಿ ಲಾರಿ ಡ್ರೈವರಿಗೆ ಕೊಟ್ಟೆ. ಡ್ರೈವರು ಕಾಗದದ ಕಡೆ ನೋಡಲೇ ಇಲ್ಲ. ಬಗ್ಗಿ ನಲ್ಲಿಯ ಕಡೆ ನೋಡಿದ. “ನೂಲ್ ಇಲ್ಲಾಮೆ ಏತ್ತ ಮಾಟ್ಟೇನ್” ಎಂದ. ನೂಲಿಲ್ಲದೆ ಯಂತ್ರ ಏರಿಸುವುದಿಲ್ಲವಂತೆ. ಸೂಪರ್‌ವೈಸರ್ ನಾನೇ ಎಂದೆ. “ಅದು ಸರಿ ಸಾರ್. ನೂಲು?” ಎಂದ. ಹಿಂದೆ ನಿಂತಿದ್ದ ಫಿಟ್ಟರು ನಕ್ಕ.

ಅವಸರಕ್ಕೆ ಮಾಡಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಅದು ನಿಜವಲ್ಲ. ಲಾರಿಯನ್ನು ಒಂದು ದಿನ ನಿಲ್ಲಿಸಿಕೊಳ್ಳಬಹುದಿತ್ತು. ನನ್ನ ಹಸಿರು ಇಂಕಿಗಿಂತ ಒಬ್ಬ ಪಂಚೆ ಮಾರುವವನ ಒಂದು ಗೇಣು ನೂಲು ದೊಡ್ಡದಾಯಿತಲ್ಲ ಎಂಬ ಹೊಟ್ಟೆಕಿಚ್ಚು, ಅವರಿಬ್ಬರೂ ಟೀಗೆ ಹೋದ ಮೇಲೆ, ನನ್ನನ್ನು ಯಂತ್ರದ ಬಳಿಗೆ ಕರೆದೊಯ್ಯಿತು. ಗೇಜನ್ನು ನೋಡಿದೆ. ಮುಳ್ಳು ಗೆರೆಯಿಂದ ಎಳ್ಳಿನಷ್ಟು ಕೆಳಗಿತ್ತು. ಹಿಂದಿನ ಸಂಜೆ ಮಳೆ ಬಂದಿತ್ತು. ಹವೆ ತಂಪಾದರೆ ಮುಳ್ಳು ಸ್ವಲ್ಪ ಇಳಿಯುವುದುಂಟು. ಇದೂ ಹಾಗೆಯೇ ಎಂದುಕೊಂಡೆ. ಹಾಗೆಂದು ನಿಜವಾಗಿ ನಂಬಿದ್ದರೆ ಗೆರೆಯನ್ನು ಯಾಕೆ ಅಳಿಸಬೇಕಿತ್ತು? ಹೆಬ್ಬೆರಳನ್ನು ಒದ್ದೆ ಮಾಡಿಕೊಂಡು ಒರೆಸಿದೆ. ಸುಣ್ಣವನ್ನು ಪ್ಯಾಂಟಿಗೆ ಸವರಿಕೊಂಡೆ. ಅವನ ಪೆಟ್ಟಿಗೆಯಿಂದ ಕೆಂಪು ನೂಲು ತೆಗೆದು ನಲ್ಲಿಗೆ ಸುತ್ತಿ ನನ್ನ ಗಂಟು ಹಾಕಿದೆ. ಅವನು ಕಟ್ಟಿಯೇ ಹೋಗಿದ್ದ, ನಲ್ಲಿಯ ಹಿಂದಕ್ಕೆ ಸರಿದಿತ್ತು ಎಂದು ಇಬ್ಬರಿಗೂ ಹೇಳಿದೆ. ಲಾರಿಯವನು ಬಂದು ನೋಡಿ, ಕಣ್ಣಿಗೊತ್ತಿಕೊಂಡು, ಯಂತ್ರ ಏರಿಸಿದ.

ತಿಥಿ ಮುಗಿಸಿ ಬಂದವನು ಖಾಲಿ ಜಾಗ ನೋಡಿದ. ಮುಳ್ಳು ಇಳಿದಿತ್ತಾ ಎಂದು ಕೇಳಿದ. ಇಲ್ಲ, ಗೆರೆಯ ಮೇಲೇ ಇತ್ತು ಎಂದೆ. ಅವನು ನನ್ನನ್ನು ನಂಬಿದ. ಕಡಲಿಗೆ ಹೋಗುವಾಗ ಪಂಚೆ ಉಡಬೇಕೋ ಪ್ಯಾಂಟು ಹಾಕಬೇಕೋ ಎಂದು ಆ ದಿನವೆಲ್ಲ ಕೇಳುತ್ತಿದ್ದ.

ಅವನನ್ನು ಯಾರೂ ಕರೆಯಲಿಲ್ಲ. ಮೊದಲ ಪ್ರಯಾಣ ಮುಗಿಸಿ ಬಂದ ಮೇಲೆ ಕರೆದೊಯ್ಯುತ್ತೇವೆ ಎಂದಿದ್ದರು. ಬೋಟು ಇಳಿದ ಐದನೆಯ ದಿನ ನೀರು ಬೆಚ್ಚಗಾಯಿತು. ದಡ ಎರಡು ದಿನದ ದೂರ. ತೊಟ್ಟಿ ತುಂಬ ಹಿಡಿದಿದ್ದ ಸೂರೆ ಮೀನನ್ನೆಲ್ಲ ಮೂಗು ಮುಚ್ಚಿಕೊಂಡು ಕಡಲಿಗೇ ಸುರಿದರಂತೆ. ಎರಡು ತಿಂಗಳು ಮನೆಯಲ್ಲಿ ಕೂತು ಆ ಪ್ರಯಾಣವನ್ನೇ ಕಾದಿದ್ದ ಒಂಬತ್ತು ಮಂದಿಯ ಬೋಟು ಅದು. ಬೋಟಿನ ಡ್ರೈವರು ಮುದಲಾಳಿಯ ಫೋನಿಗೆ ಒಂದು ಫೋಟೊ ಕಳಿಸಿದ. ಯಂತ್ರದ ಫೋಟೊ ಅಲ್ಲ, ನಲ್ಲಿಗೆ ಕಟ್ಟಿದ್ದ ನೂಲಿನದು.

ಯಂತ್ರ ವಾಪಸು ಬಂದ ದಿನ ಮುದಲಾಳಿ ಎಲ್ಲರನ್ನೂ ಷೆಡ್ಡಿನ ನೀರಿನ ತೊಟ್ಟಿಯ ಪಕ್ಕದಲ್ಲಿ ನಿಲ್ಲಿಸಿದರು. “ಇದು ಯಾರ್ ಮುಡಿಚ್ಚು?” ಎಂದು ಕೇಳಿದರು. ಈ ಗಂಟು ಯಾರದು? ಅದು ಕೇಳಬೇಕಾದ ಪ್ರಶ್ನೆಯೇ ಆಗಿರಲಿಲ್ಲ, ಗಂಟು ಅವನದೇ ಎಂದು ಎಲ್ಲರೂ ಅಂದುಕೊಂಡಿದ್ದರು. ನಾನು ಮುಂದೆ ಬರಬೇಕಿತ್ತು. ಕಾಲು ಏಳಲಿಲ್ಲ ಎಂದು ಬರೆಯಬಹುದು. ಕಾಲು ಚೆನ್ನಾಗಿಯೇ ಇತ್ತು, ನಾನು ಎತ್ತಲಿಲ್ಲ.

ಅವನು ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತು ಆ ನೂಲನ್ನು ಬೆರಳ ತುದಿಯಿಂದ ಸವರಿದ. ಬೆರಳು ಒಂದು ಕಡೆ ನಿಂತಿತು. ಅಲ್ಲೇ ಹಿಂದಕ್ಕೂ ಮುಂದಕ್ಕೂ ಎರಡು ಸಲ ಆಡಿಸಿದ. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದ. ಆ ನೋಟದಲ್ಲಿ ಕೋಪವಿರಲಿಲ್ಲ. ಮಗು ಬರೆದ ತಪ್ಪು ಲೆಕ್ಕವನ್ನು ಮೇಷ್ಟರು ನೋಡುವ ಹಾಗೆ ನೋಡಿದ. ಎದ್ದು ನಿಂತು, “ಎನ್ನೋಡದುದಾ” ಎಂದ. ನನ್ನದೇ. ಊರಿಗೆ ಹೊರಡುವ ಮೊದಲೇ ಅವಸರದಲ್ಲಿ ಕಟ್ಟಿಬಿಟ್ಟೆ ಎಂದು, ಯಾರೂ ಕೇಳದ ಪ್ರಶ್ನೆಗೂ ಉತ್ತರ ಹೇಳಿದ.

ಮುದಲಾಳಿ ಅವನನ್ನು ಆಗಲೇ ಹೊರಗೆ ಕಳಿಸಿದರು. ನಾನು ಬಸ್ ಸ್ಟಾಂಡಿನವರೆಗೆ ಅವನ ಜೊತೆ ನಡೆದೆ. ಅದೇ ಕಲ್ಲಿನ ಮೇಲೆ ಕೂತೆವು. ಅವನು ಏನಾದರೂ ಬೈಯಲಿ ಎಂದು ಕಾಯುತ್ತಿದ್ದೆ. ಬೈದರೆ ನಾನೂ ಒಪ್ಪಿಕೊಳ್ಳಬಹುದಿತ್ತು. ಬಸ್ಸು ಹತ್ತುವಾಗ ತಿರುಗಿ, “ಉಪ್ಪು ನೀರ್ನ ಡ್ರಮ್ಮಾಗೆ ಅಂಗೇ ಬುಟ್ಟುಬುಡ್ಬ್ಯಾಡಣ್ಣ. ತೂತು ಬೀಳ್ತೈತೆ” ಎಂದ. ಅಷ್ಟೇ.

ನಾನು ಡ್ರಮ್ಮಿನ ನೀರು ಚೆಲ್ಲಲಿಲ್ಲ. ಆ ಕಡೆ ಹೋಗಲೇ ಇಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅದರ ತಳ ತುಕ್ಕು ಹಿಡಿದು ಉದುರಿತು. ಅಷ್ಟರಲ್ಲಿ ವರ್ಕ್‌ಷಾಪಿನಲ್ಲಿ ಒಂದು ಮಾತು ಹುಟ್ಟಿಕೊಂಡಿತ್ತು. ಯಾರಾದರೂ ಬೆಸುಗೆ ಕೆಡಿಸಿದರೆ, ಬೋಲ್ಟು ಸಡಿಲ ಬಿಟ್ಟರೆ, ಅವನ ಹೆಸರಿಗೆ ‘ಮುಡಿಚ್ಚು’ ಸೇರಿಸಿ ಬೈಯುವರು. ಮೇಲೆ ಚೆಂದ, ಒಳಗೆ ಸೋರಿಕೆ ಎಂದು ಅರ್ಥ. ನಾನಿದ್ದಷ್ಟು ದಿನವೂ ಅದನ್ನು ಕೇಳಿದೆ. ಒಂದು ಸಲ ನಾನೂ ನಕ್ಕೆ.

ಅಮ್ಮಾಪೇಟೆಗೆ ಮೂರು ಸಲ ಹೋದೆ. ಮೂರು ಸಲವೂ ಹೇಳಬೇಕೆಂದೇ ಹೋದೆ. ಅವನು ಮತ್ತೆ ಕುಣಿಮಗ್ಗಕ್ಕೆ ಕೂತಿದ್ದ. ನನ್ನನ್ನು ಕಂಡೊಡನೆ ಕುಣಿಯಿಂದ ಎದ್ದು ಬಂದು ಹೆಂಡತಿಗೆ ಕಾಫಿಗೆ ಹೇಳುವನು. ಡ್ರಮ್ಮು ಹೇಗಿದೆ ಎಂದು ಕೇಳಿದ. ಚೆನ್ನಾಗಿದೆ ಎಂದೆ. ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ, ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಮೂರನೆಯ ಸಲ ಹೋದಾಗ ಅವನಿಗೆ ಉಸಿರಾಟ ಕಷ್ಟವಾಗಿತ್ತು. ಬಾಗಿಲವರೆಗೆ ಬಂದು, “ಇನ್ನೊಂದೈದು ನಿಮಿಷ ಕೂತ್ಕೊಳಣ್ಣ, ಮುಂದಿನ್ ಬಸ್ಸೈತೆ” ಎಂದ. ನಾನು ಕೂರಲಿಲ್ಲ.

ಸುದ್ದಿ ತಿಳಿದು ಹೋದಾಗ ಅವನ ಹೆಂಡತಿ ಮಗ್ಗದಲ್ಲಿ ಕೂತಿದ್ದರು. ಅವನು ಅರ್ಧ ನೇಯ್ದು ಬಿಟ್ಟ ಸೀರೆಯನ್ನು ಮುಗಿಸುತ್ತಿದ್ದರು. ಗೋಡೆಯ ಮೇಲೆ ಅವನ ಫೋಟೊ, ಕೆಳಗಿನ ಗೂಡಿನಲ್ಲಿ ಆ ಕಡಲ ನೀರಿನ ಬಾಟಲಿ. ನೀರು ಆರಿ ಅರ್ಧವಾಗಿತ್ತು. ಮೇಲಿನ ಗಾಜಿಗೆ ಬಿಳಿಯ ಉಪ್ಪು ಕಟ್ಟಿತ್ತು. ನಾನು ನೆಲದ ಮೇಲೆ ಕೂತು, ತಲೆಯೆತ್ತದೆ ಎಲ್ಲವನ್ನೂ ಹೇಳಿದೆ. ಲಾರಿ, ಮುಳ್ಳು, ಸುಣ್ಣದ ಗೆರೆ, ಎಲ್ಲ. ಆಕೆ ಲಾಳಿ ನಿಲ್ಲಿಸಲಿಲ್ಲ. ನಡುವೆ ಒಂದು ಎಳೆ ಕಡಿಯಿತು. ಎರಡು ತುದಿಗಳನ್ನು ನನ್ನ ಕಡೆ ಹಿಡಿದು, “ಗಂಟು ಆಕಿ ನೋಡಣ” ಎಂದರು.

ನನಗೆ ಬರುವ ಗಂಟನ್ನು ಹಾಕಿದೆ. ಆಕೆ ಹಣಿಗೆಯನ್ನು ಒಂದು ಸಲ ಎಳೆದರು. ಗಂಟು ಹಲ್ಲುಗಳ ನಡುವೆ ತೂರದೆ ಸಿಕ್ಕಿಕೊಂಡಿತು, ಎಳೆ ಮತ್ತೆ ಕಡಿಯಿತು.

“ಇದೇಯ” ಎಂದರು. “ಅವ್ರು ಅವತ್ತೇ ಏಳಿದ್ರು. ‘ಅಣ್ಣಂಗೆ ಅರ್ಧ ಏಳ್ಕೊಟ್ಟು ಬಸ್ಸಿಗೆ ಬುಟ್ಬುಟ್ಟೆ. ಕೈ ಇಡ್ಕೊಂಡು ಕೂರಿಸ್ಕೊಂಡು ಪೂರ್ತಿ ಏಳ್ಕೊಡ್ಬೇಕಿತ್ತು. ತಪ್ಪು ನಂದೇಯ’ ಅಂತ.”

ಆಕೆ ಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಂಡು ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟು ಹಾಕಿದರು.

“ನೀವು ಬಂದಾಗೆಲ್ಲ ಇವತ್ತು ಏಳ್ತಾರೆ ಅಂತ ಕಾಯೋರು. ನೀವು ಓದ್ಮೇಲೆ ಮಗ್ಗಕ್ಕೆ ಇಳೀದೆ ಅಂಗೇ ಕೂತಿರೋರು. ಮೂರು ದಪವೂ.”

ಕ್ಷಮಿಸಿ ಎಂದು ನಾನು ಕೇಳಲಿಲ್ಲ. ಆಕೆಯೂ ಆ ಮಾತನ್ನು ಎತ್ತಲಿಲ್ಲ. ನನಗೆ ಹೇಳಿ ಏನು ಪ್ರಯೋಜನ, ಅವರು ‘ನನ್ನದೇ’ ಎಂದರಲ್ಲ, ಆ ಜಾಗದಲ್ಲಿ ಹೋಗಿ ಹೇಳಿ ಎಂದರು. ಮತ್ತೆ ಲಾಳಿ ಎತ್ತಿಕೊಂಡರು.

ಮಾರನೆಯ ದಿನವೇ ಹೋದೆ. ವರ್ಕ್‌ಷಾಪನ್ನು ಈಗ ಮುದಲಾಳಿಯ ಅಳಿಯ ನೋಡಿಕೊಳ್ಳುತ್ತಾನೆ. ನೂಲು ಕಟ್ಟುವುದಿಲ್ಲ, ಯಂತ್ರಕ್ಕೆ ಸ್ಟಿಕ್ಕರ್ ಅಂಟಿಸುತ್ತಾರೆ. ಟೀ ಹೊತ್ತಿನಲ್ಲಿ ಎಲ್ಲರನ್ನೂ ಆ ತೊಟ್ಟಿಯ ಹತ್ತಿರ ಬನ್ನಿ ಎಂದು ಕರೆದೆ. ಏಳು ಜನ ಬಂದರು. ಅವರಲ್ಲಿ ಅವನನ್ನು ಕಂಡಿದ್ದವರು ಇಬ್ಬರು ಮಾತ್ರ. ಅವನು ನಿಂತಿದ್ದ ಜಾಗದಲ್ಲೇ ನಿಂತು, ಅವನು ಹೇಳಿದ್ದ ಮಾತನ್ನೇ ಹೇಳಿದೆ. “ಅಂದ ಮುಡಿಚ್ಚು ಎನ್ನೋಡದುದಾ.” ಆ ಗಂಟು ನನ್ನದೇ. ಯಾವ ಗಂಟು ಎಂದು ಹೊಸಬನೊಬ್ಬ ಕೇಳಿದ. ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಹಳೆಯ ಫಿಟ್ಟರು ಕೈಯಲ್ಲಿದ್ದ ಟೀ ಲೋಟವನ್ನು ಕೆಳಗಿಟ್ಟ. ನಾವು ಅವನ ಹೆಸರು ಹಿಡಿದು ಬೈಯುವುದೆಲ್ಲ ನಿಮ್ಮನ್ನು ಬೈಯಬೇಕಾದದ್ದೇ ಎಂದು ವೆಲ್ಡರೊಬ್ಬ ಕೇಳಿದ. ಹೌದು, ಇವತ್ತಿನಿಂದ ನನ್ನ ಹೆಸರು ಹೇಳಿ ಬೈಯಿರಿ ಎಂದೆ. ಆಗಲಿ ಎಂದು ತಲೆಯಾಡಿಸಿದರು. ವಯಸ್ಸಾದವರು, ಜೋಪಾನವಾಗಿ ಹೋಗಿ ಎಂದು ಗೇಟಿನವರೆಗೆ ಬಿಟ್ಟರು.

ಗೇಟು ದಾಟಿ ಹತ್ತು ಹೆಜ್ಜೆ ಹೋಗಿರಲಿಲ್ಲ. ಒಳಗೆ ಏನೋ ಕಳಚಿ ಬಿದ್ದ ಸದ್ದಾಯಿತು. ಅದರ ಹಿಂದೆಯೇ ಅದೇ ವೆಲ್ಡರು ಯಾರಿಗೋ ಬೈಯುವುದು ಕೇಳಿಸಿತು. ನನ್ನ ಹೆಸರಲ್ಲ, ಅವನ ಹೆಸರಿಗೇ ‘ಮುಡಿಚ್ಚು’ ಸೇರಿಸಿ ಬೈದ.